ಪಟ್ಟಿ ಅನ್ಯಾಯ ಅಂದ್ರೆ ಕೇಸ್ ಆಗಲ್ಲ

ಮೊನ್ನೆ ಮತ್ತೊಬ್ಬ ಪೈಲಟ್ ಬಂದಿದ್ದರು. ಕೂತ ತಕ್ಷಣ ಫೈಲಿನಿಂದ ಸೀನಿಯಾರಿಟಿ ಪಟ್ಟಿಯ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಒಂದು ಹೆಸರಿಗೆ ಕೆಂಪು ಗೆರೆ. "ಇವನು ಕೆಲಸಕ್ಕೆ ಸೇರುವಾಗ ನಾನು 14 ವರ್ಷ ಹಾರಿಸಿದ್ದೆ. ಕಂಪನಿಗಳು ಒಂದಾದ ಮೇಲೆ ಇವನು ನನಗಿಂತ ಮೇಲೆ. ಇದು ಅನ್ಯಾಯ ಅಲ್ವಾ? ಯೂನಿಯನ್ ಮೇಲೆ ಕೇಸ್ ಹಾಕಿ."

ಅಮೆರಿಕದಲ್ಲಿ ಕಾರ್ಮಿಕ ಕಾನೂನಿನ ವಕೀಲಿಕೆ ಮಾಡುವ ನನಗೆ ಈ ಸಂಕಟ ಅರ್ಥವಾಗುತ್ತದೆ. ಸೀನಿಯಾರಿಟಿ ನಂಬರೇ ಪೈಲಟ್ಟಿನ ಆಸ್ತಿ. ಯಾವ ವಿಮಾನ, ಯಾವ ಊರು, ಹಬ್ಬಕ್ಕೆ ರಜೆ ಉಂಟೋ ಇಲ್ಲವೋ, ಎಲ್ಲ ಅದರ ಮೇಲೆ. ಬೇರೆ ಕಂಪನಿಗೆ ಹೋದರೆ ಮತ್ತೆ ತಳದಿಂದ ಶುರು.

ಆದರೆ ಒಂದು ಮಾತು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಪಟ್ಟಿ ಸರಿಯಿದೆಯಾ ಅಂತ ಕೋರ್ಟು ನೋಡುವುದಿಲ್ಲ. ಪಟ್ಟಿ ಮಾಡುವಾಗ ಪೈಲಟ್‌ಗಳ ಪರ ಮಾತಾಡುವ ಯೂನಿಯನ್ ಹೇಗೆ ನಡೆದುಕೊಂಡಿತು ಅಂತ ನೋಡುತ್ತದೆ.

ಎಲ್ಲರನ್ನೂ ನ್ಯಾಯವಾಗಿ ಪ್ರತಿನಿಧಿಸುವ ಹೊಣೆ ಯೂನಿಯನ್‌ಗಿದೆ, ನಿಜ. 1944ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ರೈಲ್ವೆ ಎಂಜಿನ್ನಿನ ಬೆಂಕಿ ನೋಡಿಕೊಳ್ಳುವ ಕರಿಯ ಫೈರ್‌ಮನ್‌ಗಳನ್ನು ಹೊರಗಿಡಲು ಅವರದೇ ಪ್ರತಿನಿಧಿಯಾಗಿದ್ದ ಬಿಳಿಯರ ಯೂನಿಯನ್ ಒಪ್ಪಂದ ಮಾಡಿಕೊಂಡಿದ್ದ ಪ್ರಕರಣ ಅದು. ತೊಂದರೆ ಏನಂದರೆ, ಬಂದವರ ಕಿವಿಗೆ "ನ್ಯಾಯ" ಅನ್ನುವ ಒಂದು ಪದ ಮಾತ್ರ ಬೀಳುತ್ತದೆ.

ಹೊಲ ಹಂಚುವ ಪಂಚಾಯಿತಿ ನೆನೆಸಿಕೊಳ್ಳಿ. ನಿಮಗೆ ಕಲ್ಲುಭೂಮಿ ಬಂತು, ತಮ್ಮನಿಗೆ ತೋಟ ಬಂತು. ಬೇಜಾರಾಗುತ್ತದೆ. ಅಷ್ಟಕ್ಕೇ ಪಂಚರು ಮೋಸ ಮಾಡಿದರು ಅಂತಾಗುವುದಿಲ್ಲ. ಹಿಂದಿನ ರಾತ್ರಿ ತಮ್ಮನ ಮನೆಯಲ್ಲಿ ಊಟ ಮಾಡಿ ಮಾತು ಕೊಟ್ಟು ಬಂದಿದ್ದರಾ? ನಿಮ್ಮ ಮೇಲಿನ ಹಗೆಗೆ ಹೀಗೆ ಮಾಡಿದರಾ? ಕಾರಣವೇ ಇಲ್ಲದೆ ಸುಮ್ನೆ ಗೆರೆ ಎಳೆದರಾ? ಇವುಗಳಲ್ಲಿ ಒಂದನ್ನು ತೋರಿಸಿ, ಆಮೇಲೆ ಮಾತಾಡೋಣ. ಕಲ್ಲುಭೂಮಿಯ ಫೋಟೊ ಎಷ್ಟು ತಂದರೂ ಪ್ರಯೋಜನವಿಲ್ಲ. 1991ರಲ್ಲಿ ಕಾಂಟಿನೆಂಟಲ್ ಏರ್‌ಲೈನ್ಸ್ ಪೈಲಟ್‌ಗಳಿಗೆ ಸುಪ್ರೀಂ ಕೋರ್ಟ್ ಹೆಚ್ಚುಕಡಿಮೆ ಇದನ್ನೇ ಹೇಳಿತು. ಮುಷ್ಕರ ಮುಗಿಸಲು ಯೂನಿಯನ್ ಮಾಡಿಕೊಂಡ ಒಪ್ಪಂದ ಆಮೇಲೆ ನೋಡಿದರೆ ಕೆಟ್ಟದ್ದೇ ಇರಬಹುದು. ತಲೆಬುಡವಿಲ್ಲದ್ದು ಅಲ್ಲದಿದ್ದರೆ ಸಾಕು.

ಹಾಗಾದರೆ ಗೆದ್ದವರೇ ಇಲ್ಲವಾ? ಇದ್ದಾರೆ. 2001ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಟಿಡಬ್ಲ್ಯುಎ ಕಂಪನಿಯನ್ನು ಕೊಂಡಿತು. ಟಿಡಬ್ಲ್ಯುಎ ಪೈಲಟ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಪಟ್ಟಿಯ ತಳಕ್ಕೆ ಹೋದರು. ಅವರ ಯೂನಿಯನ್ ಆಲ್ಪಾ. ಅಮೆರಿಕನ್‌ನ ಪೈಲಟ್‌ಗಳು ಬೇರೆ ಯೂನಿಯನ್‌ನವರು, ಸಂಖ್ಯೆಯಲ್ಲಿ ದೊಡ್ಡವರು. ಅವರನ್ನು ಸೆಳೆದುಕೊಳ್ಳುವ ಆಸೆಗೆ ಆಲ್ಪಾ ನಮ್ಮನ್ನು ಕೈಬಿಟ್ಟಿತು ಅನ್ನುವುದು ಟಿಡಬ್ಲ್ಯುಎಯವರ ವಾದ. 2011ರಲ್ಲಿ ನ್ಯೂಜೆರ್ಸಿಯ ಜ್ಯೂರಿ ಆಲ್ಪಾದ್ದೇ ತಪ್ಪು ಅಂದಿತು. 2014ರಲ್ಲಿ 5 ಕೋಟಿ 30 ಲಕ್ಷ ಡಾಲರ್‌ಗೆ ರಾಜಿಯಾಯಿತು. ದುಡ್ಡು ಬಂತು, ನಂಬರ್ ವಾಪಸ್ ಬರಲಿಲ್ಲ.

ನನಗೆ ಇನ್ನೂ ಇಷ್ಟವಾದ ಪ್ರಕರಣ ಯುಎಸ್ ಏರ್‌ವೇಸ್ ಮತ್ತು ಅಮೆರಿಕ ವೆಸ್ಟ್ ಎಂಬ ವಿಮಾನ ಕಂಪನಿಗಳದು. 2005ರಲ್ಲಿ ಎರಡೂ ಒಂದಾದವು. ಎರಡು ಕಡೆಯವರಿಗೂ ಆಲ್ಪಾವೇ ಯೂನಿಯನ್. ಜಗಳ ಹರಿಯದೆ ಜಾರ್ಜ್ ನಿಕೊಲಾ ಎಂಬ ಮಧ್ಯಸ್ಥರ ಮುಂದೆ ಹೋಯಿತು. 2007ರಲ್ಲಿ ಅವರು ತೀರ್ಪು ಕೊಟ್ಟರು. ಯುಎಸ್ ಏರ್‌ವೇಸ್ ಪೈಲಟ್‌ಗಳಿಗೆ ಸೇರಿದ ತಾರೀಕಿನ ಲೆಕ್ಕವೇ ಬೇಕಿತ್ತು. ಆದರೆ ಒಂದಾಗುವ ಮೊದಲು ಅವರ ಕಂಪನಿ ದಿವಾಳಿ ಅರ್ಜಿ ಹಾಕಿತ್ತು, ಹಲವರು ಲೇಆಫ್ ಆಗಿ ಮನೆಯಲ್ಲಿದ್ದರು. ನಿಕೊಲಾ ಅಂಥವರನ್ನು ತಳದಲ್ಲಿಟ್ಟರು. ಸುಮಾರು 17 ವರ್ಷದ ಹಳಬ ಮೊನ್ನೆ ಸೇರಿದವನ ಕೆಳಗೆ! ಸಿಟ್ಟು ಬರದೆ ಇರುತ್ತದಾ? ಅವರು ಹೆಚ್ಚು ಜನ. 2008ರಲ್ಲಿ ವೋಟು ಹಾಕಿ ಆಲ್ಪಾವನ್ನೇ ಕಿತ್ತೆಸೆದು, ಯುಸಾಪಾ ಎಂಬ ಹೊಸ ಯೂನಿಯನ್ ತಂದರು. ಸೇರಿದ ತಾರೀಕೇ ಸೀನಿಯಾರಿಟಿ ಅನ್ನುವುದು ಅದರ ವ್ರತ.

ಈಗ ಕೇಸ್ ಹಾಕಿದ್ದು ಅಮೆರಿಕ ವೆಸ್ಟ್‌ನವರು. 2009ರಲ್ಲಿ ಫೀನಿಕ್ಸ್‌ನ ಜ್ಯೂರಿ ಅವರ ಪರ ಹೇಳಿತು. 2010ರಲ್ಲಿ ಅಪೀಲು ಕೋರ್ಟು ಅದನ್ನು ಹೊಡೆದುಹಾಕಿತು. ಕಂಪನಿ ಜೊತೆ ಒಪ್ಪಂದವೇ ಆಗಿಲ್ಲ, ಕಾಯಿ ಇನ್ನೂ ಮಾಗಿಲ್ಲ ಅಂತ. ಮತ್ತೆ ಕೇಸ್. ಕೊನೆಗೆ 2015ರಲ್ಲಿ ಅದೇ ಅಪೀಲು ಕೋರ್ಟು ಯುಸಾಪಾ ಹೊಣೆ ತಪ್ಪಿತು ಅಂದಿತು. ನಿಕೊಲಾ ಪಟ್ಟಿಯೇ ಸರಿಯಾದ ಪಟ್ಟಿ ಅಂತಲ್ಲ. ಒಪ್ಪುವಂಥ ಕಾರಣವಿಲ್ಲದೆ, ಬಹುಮತದವರ ಲಾಭಕ್ಕೆ ಅದನ್ನು ಬದಿಗೆ ತಳ್ಳಿದರು ಅಂತ. ಗಮನಿಸಿದಿರಾ? ಇಲ್ಲೂ ಅಳೆದದ್ದು ನಡತೆಯನ್ನೇ.

ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ 2007ರಲ್ಲಿ ಒಂದಾದ ಮೇಲೂ ಇಂಥ ಜಗಳಗಳಾದವು. ಬೆಂಗಳೂರಿನ ನೆಂಟರು ಫೋನ್ ಮಾಡಿ ಕೇಳುತ್ತಾರೆ. ಅಲ್ಲಿನ ಕಾನೂನೇ ಬೇರೆ, ನಾನು ಕೈಹಾಕುವುದಿಲ್ಲ. ಇಲ್ಲಿಯವರೂ ಈ ಅಂಕಣ ನಂಬಿ ಕೋರ್ಟಿಗೆ ಓಡಬೇಡಿ, ಒಂದೊಂದು ಕೇಸಿನ ಕಥೆ ಒಂದೊಂದು.

ಮೊನ್ನೆ ಬಂದವರಿಗೆ ಇಷ್ಟೂ ಹೇಳಿದೆ. ತಲೆಯಾಡಿಸಿದರು. "ಹಾಗಾದರೆ ಅವರ ನಡತೆಯದೇ ಪುರಾವೆ ಇದೆ" ಅಂತ ಫೈಲಿನಿಂದ ಒಂದು ಕಟ್ಟು ಇಮೇಲ್ ತೆಗೆದರು. ಓದಿದೆ. ಪರವಾಗಿಲ್ಲ, ಏನೋ ಇತ್ತು.

"ಇದು ನಿಮ್ಮ ಕೈಗೆ ಬಂದದ್ದು ಯಾವಾಗ?" ಅಂದೆ. ವಿಷಯ ತಿಳಿದ ಮೇಲೆ ಕೇಸ್ ಹಾಕಲು ಸಾಮಾನ್ಯವಾಗಿ 6 ತಿಂಗಳಷ್ಟೇ ಟೈಮು. ವಿನಾಯಿತಿಗಳಿವೆ, ನೆಚ್ಚಿಕೊಳ್ಳುವಂಥವಲ್ಲ.

ಅವರು ಯೂನಿಯನ್‌ಗೆ ಪತ್ರ ಬರೆಯುತ್ತಾ, ಉತ್ತರ ಕಾಯುತ್ತಾ ಕೂತಿದ್ದರಂತೆ. ಬೆರಳು ಮಡಚಿ ತಿಂಗಳು ಎಣಿಸತೊಡಗಿದರು. ಎರಡನೇ ಕೈಯೂ ಮುಗಿಯುತ್ತಾ ಬಂದಾಗ ನಾನೆದ್ದು ಕಾಫಿ ತರಲು ಹೋದೆ.