ಬೆಕ್ಕು ಸೇಡು ತೀರಿಸಿಕೊಳ್ಳುವುದಿಲ್ಲ

"ಡಾಕ್ಟ್ರೇ, ನಮ್ಮನೇಲಿ ಇದೇ ಯಜಮಾನ, ನಾವೆಲ್ಲ ಇದರ ಆಳುಗಳು." ಬೆಕ್ಕನ್ನು ಬುಟ್ಟಿಯಲ್ಲಿ ಹೊತ್ತು ನನ್ನ ಕ್ಲಿನಿಕ್ಕಿಗೆ ಬರುವವರಿಂದ ಈ ಮಾತನ್ನು ವಾರಕ್ಕೆ ಹತ್ತಾರು ಸಲ ಕೇಳುತ್ತೇನೆ. ಅದು ಪ್ರೀತಿಯ ಮಾತೆಂದು ನನಗೂ ಗೊತ್ತಿದೆ. ಆದರೆ ಬೆಕ್ಕನ್ನು ಯಜಮಾನನೆಂದು ಕರೆದು ರೂಢಿಯಾದ ಮನೆಯವರು, ಅದು ಹಾಸಿಗೆಯ ಮೇಲೆ ಮೂತ್ರ ಮಾಡಿದ ದಿನ ಅದಕ್ಕೆ ಸೊಕ್ಕು ಬಂದಿದೆ, ನಾವು ಎರಡು ದಿನ ಊರಿಗೆ ಹೋದದ್ದಕ್ಕೆ ಸೇಡು ತೀರಿಸಿಕೊಂಡಿದೆ, ಈಗ ಬುದ್ಧಿ ಕಲಿಸಲೇಬೇಕು ಎಂದು ತೀರ್ಮಾನಿಸಿಬಿಡುತ್ತಾರೆ. ಈ ತೀರ್ಮಾನದಿಂದ ಪ್ರಾಣ ಕಳೆದುಕೊಂಡ ಬೆಕ್ಕುಗಳನ್ನು ನಾನು ನೋಡಿದ್ದೇನೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಕೆಲವು ತಿಂಗಳ ಹಿಂದೆ ನಿವೃತ್ತ ಶಿಕ್ಷಕರೊಬ್ಬರು ತಮ್ಮ ಐದು ವರ್ಷದ ಗಂಡುಬೆಕ್ಕನ್ನು ತಂದಿದ್ದರು. ಮಗಳ ಮದುವೆಗೆಂದು ಮನೆತುಂಬ ನೆಂಟರು ಬಂದಿದ್ದರಂತೆ. ಅವರೆಲ್ಲ ಹೊರಟ ಮರುದಿನದಿಂದ ಬೆಕ್ಕು ಮರಳಿನ ಟ್ರೇಗೆ ಹೋಗಿ ಕುಳಿತು, ಎದ್ದು, ಮತ್ತೆ ಕುಳಿತು, ಕೊನೆಗೆ ಮೇಷ್ಟ್ರ ಹೊದಿಕೆಯ ಮೇಲೆ ನಾಲ್ಕು ಹನಿ ಮೂತ್ರ ಬಿಟ್ಟಿತ್ತು. ಗಮನ ಸೆಳೆಯಲು ಹಟ ಮಾಡುತ್ತಿದೆಯೆಂದು ತಿಳಿದು ಅದನ್ನು ಒಂದು ರಾತ್ರಿ ಬಚ್ಚಲುಮನೆಯಲ್ಲಿ ಕೂಡಿಹಾಕಿದರು. ಬೆಳಿಗ್ಗೆ ಬಾಗಿಲು ತೆರೆದಾಗ ಅದು ವಾಂತಿ ಮಾಡಿಕೊಂಡು ಮೂಲೆಯಲ್ಲಿ ಮಲಗಿತ್ತು. ನನ್ನ ಮೇಜಿನ ಮೇಲೆ ಅದರ ಹೊಟ್ಟೆ ಮುಟ್ಟಿದರೆ ಮೂತ್ರಕೋಶವು ದೊಡ್ಡ ನಿಂಬೆಹಣ್ಣಿನಂತೆ ಗಟ್ಟಿಯಾಗಿ ಕೈಗೆ ಸಿಕ್ಕಿತು.

ಗಂಡುಬೆಕ್ಕಿನ ಮೂತ್ರನಾಳವು ಉದ್ದವಾಗಿದ್ದು ತುದಿಯಲ್ಲಿ ಬಹಳ ಕಿರಿದಾಗುತ್ತದೆ. ಮೂತ್ರದಲ್ಲಿನ ಹರಳುಗಳು, ಲೋಳೆ, ಅಥವಾ ಉರಿಯೂತದಿಂದ ಉಂಟಾದ ಊತ ಅಲ್ಲಿ ಅಡ್ಡಗಟ್ಟಿದರೆ ಮೂತ್ರ ಹೊರಬರುವುದಿಲ್ಲ. ಹಿಂದಕ್ಕೆ ಒತ್ತಡ ಬಿದ್ದು ಮೂತ್ರಪಿಂಡಗಳು ಕೆಲಸ ನಿಲ್ಲಿಸುತ್ತವೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪುತ್ತದೆ. ಸಂಪೂರ್ಣ ಕಟ್ಟಿದ ಬೆಕ್ಕಿಗೆ ಚಿಕಿತ್ಸೆ ಸಿಗದಿದ್ದರೆ ಒಂದೆರಡು ದಿನಗಳಲ್ಲೇ ಪ್ರಾಣಕ್ಕೆ ಅಪಾಯವಾಗುತ್ತದೆ. ಹಾಗಾಗಿ ಗಂಡುಬೆಕ್ಕು ಪದೇಪದೇ ಟ್ರೇಗೆ ಹೋಗಿ ತಿಣುಕುತ್ತಿದ್ದರೆ, ಕೂಗುತ್ತಿದ್ದರೆ, ಮೂತ್ರದ್ವಾರವನ್ನು ನೆಕ್ಕುತ್ತಿದ್ದರೆ ಅಥವಾ ಹನಿಹನಿಯಾಗಿ ಎಲ್ಲೆಂದರಲ್ಲಿ ಮಾಡುತ್ತಿದ್ದರೆ ನಾಳೆಯವರೆಗೆ ಕಾಯಬೇಡಿ, ರಾತ್ರಿಯಾಗಿದ್ದರೂ ಹೊರಡಿ. ಇದನ್ನು ಮಲಬದ್ಧತೆಯೆಂದು ತಿಳಿದು ಎಣ್ಣೆ ಕುಡಿಸಿಕೊಂಡು ಬಂದವರೂ ಇದ್ದಾರೆ.

ಹಾಸಿಗೆಯ ಮೇಲೆ ಮೂತ್ರ ಮಾಡಿದ ಪ್ರತಿಯೊಂದು ಬೆಕ್ಕಿಗೂ ಮೂತ್ರ ಕಟ್ಟಿದೆಯೆಂದು ನಾನು ಹೇಳುತ್ತಿಲ್ಲ. ಹೆಣ್ಣುಬೆಕ್ಕಿಗೆ ಹೀಗೆ ಕಟ್ಟುವುದು ಅಪರೂಪ. ಅದರಲ್ಲಿ ಮೂತ್ರಕೋಶದ ಉರಿಯೂತ ಹೆಚ್ಚು. ವಯಸ್ಸಾದ ಬೆಕ್ಕಿಗೆ ಮಧುಮೇಹವೋ ಮೂತ್ರಪಿಂಡದ ಕಾಯಿಲೆಯೋ ಇದ್ದು ಮೂತ್ರದ ಪ್ರಮಾಣವೇ ಹೆಚ್ಚಿರಬಹುದು, ಇಲ್ಲವೇ ಕೀಲುನೋವಿನಿಂದ ಟ್ರೇಯ ಅಂಚನ್ನು ದಾಟಲು ಆಗದಿರಬಹುದು. ಟ್ರೇ ಕೊಳಕಾಗಿರಬಹುದು. ಕೆಲವೊಮ್ಮೆ ಎಲ್ಲ ಪರೀಕ್ಷೆ ಮಾಡಿದರೂ ಸೋಂಕಾಗಲಿ ಕಲ್ಲಾಗಲಿ ಸಿಗುವುದಿಲ್ಲ. ಮನೆಯಲ್ಲಿನ ಗದ್ದಲ, ಹೊಸ ಮಗು, ಹೊಸ ಬೆಕ್ಕು, ಬಣ್ಣ ಬಳಿಯುವ ಕೆಲಸ ಇಂಥವುಗಳಿಂದಾದ ಒತ್ತಡಕ್ಕೇ ಮೂತ್ರಕೋಶ ಊದಿಕೊಳ್ಳುತ್ತದೆ. ಇವುಗಳಲ್ಲಿ ಯಾವುದೆಂದು ಮುಟ್ಟಿ ನೋಡದೆ ಫೋನಿನಲ್ಲಿ ಹೇಳಲು ನನ್ನಿಂದಾಗದು. ಆದರೆ ಈ ಕಾರಣಗಳ ಪೈಕಿ ಸೇಡು ಎಂಬುದು ಇಲ್ಲ ಎಂದು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಟ್ರೇಯಲ್ಲಿ ಕುಳಿತಾಗ ನೋವಾದ ಬೆಕ್ಕು ಆ ಜಾಗಕ್ಕೂ ನೋವಿಗೂ ಗಂಟು ಹಾಕಿಕೊಂಡು ಮೆತ್ತನೆಯ ಬೇರೊಂದು ಜಾಗವನ್ನು ಹುಡುಕುತ್ತದೆ. ನಿಮ್ಮ ವಾಸನೆಯಿರುವ ಹಾಸಿಗೆ ಅದಕ್ಕೆ ಮನೆಯಲ್ಲೇ ಹೆಚ್ಚು ನಿರ್ಭಯದ ಜಾಗವೂ ಆಗಿರುತ್ತದೆ.

ಯಜಮಾನಿಕೆಯ ಲೆಕ್ಕಾಚಾರ ಬೆಕ್ಕಿಗೆ ಬಂದದ್ದಾದರೂ ಎಲ್ಲಿಂದ? ಅದರ ಪೂರ್ವಜವಾದ ಕಾಡುಬೆಕ್ಕು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ಹಿಂಡು ಕಟ್ಟಿ ನಾಯಕನ ಹಿಂದೆ ನಡೆಯುವ ಜೀವನ ಅದರದ್ದಲ್ಲ. ಧಾನ್ಯ ಕೂಡಿಟ್ಟ ಕಡೆ ಇಲಿ ಬಂದವು, ಇಲಿಯ ಹಿಂದೆ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದೆ ಮನುಷ್ಯನ ಪಕ್ಕದಲ್ಲೇ ಹೂಳಲಾಗಿದ್ದ ಬೆಕ್ಕಿನ ಅಸ್ಥಿಪಂಜರದ ವಿವರ 2004ರಲ್ಲಿ ಪ್ರಕಟವಾಯಿತು. ನಂಟು ಅಷ್ಟು ಹಳೆಯದು. ಮಲೆನಾಡಿನ ನನ್ನ ಅಜ್ಜಿಮನೆಯಲ್ಲಿ ಬೆಕ್ಕಿಗೆ ಅಟ್ಟದ ಇಲಿ, ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗ ಒಂದು ಗುಟುಕು ಹಾಲು, ಒಲೆಯ ಪಕ್ಕದ ಬೆಚ್ಚನೆಯ ಬೂದಿ, ಇವಿಷ್ಟೂ ಇದ್ದವು. ಬೇಸರವಾದರೆ ತೋಟಕ್ಕೆ ಹೋಗುತ್ತಿತ್ತು, ಎರಡು ದಿನ ಬಿಟ್ಟು ಬರುತ್ತಿತ್ತು. ಎಂಟನೆಯ ಮಹಡಿಯ ಫ್ಲಾಟಿನಲ್ಲಿರುವ ಬೆಕ್ಕಿಗೆ ಅಂಥ ತೋಟವಿಲ್ಲ. ಅದರ ಬಾಗಿಲು, ಕಿಟಕಿ, ಊಟದ ಹೊತ್ತು, ನೀರಿನ ಬಟ್ಟಲು, ಟ್ರೇಯ ಸ್ವಚ್ಛತೆ, ಅದು ಯಾರ ಜೊತೆ ಬದುಕಬೇಕೆಂಬ ನಿರ್ಧಾರ, ಎಲ್ಲವೂ ನಿಮ್ಮ ಕೈಯಲ್ಲಿವೆ. ಇಷ್ಟೆಲ್ಲ ಕೈಯಲ್ಲಿರುವವರು ನಾವು ಆಳುಗಳು ಎಂದರೆ, ನೋಡಿಕೊಳ್ಳಬೇಕಾದ ಹೊಣೆಯೂ ಆ ಮಾತಿನ ಜೊತೆಗೇ ಮರೆತುಹೋಗುತ್ತದೆಂಬುದು ನನ್ನ ಆತಂಕ.

ಬೆಳಗಿನ ಐದಕ್ಕೆ ಎಬ್ಬಿಸಿ ಊಟ ಕೇಳುವುದು ಯಜಮಾನಿಕೆಯಲ್ಲವೇ ಎಂದು ಕೇಳುವವರಿಗೆ ಉತ್ತರ ಸುಲಭ. ನಸುಕು ಮತ್ತು ಮುಸ್ಸಂಜೆ ಅದರ ಬೇಟೆಯ ಹೊತ್ತು. ಒಂದು ದಿನ ಕೂಗಿತು, ನೀವು ಎದ್ದು ಬಟ್ಟಲು ತುಂಬಿಸಿದಿರಿ, ಅದು ಕಲಿತುಕೊಂಡಿತು. ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ 'ಮಿಯಾಂವ್' ಎನ್ನುವುದು ಕಡಿಮೆ. ಆ ಕೂಗು ಹೆಚ್ಚಾಗಿ ಮನುಷ್ಯರಿಗಾಗಿ ಉಳಿಸಿಕೊಂಡದ್ದು. ಊಟ ಕೇಳುವಾಗಿನ ಗುರುಗುಟ್ಟುವಿಕೆಯೊಳಗೆ ಮಗುವಿನ ಅಳುವನ್ನು ಹೋಲುವ ಎತ್ತರದ ಸ್ವರವೊಂದು ಸೇರಿರುತ್ತದೆಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ತೋರಿಸಿದರು. ಬೆಕ್ಕು ಸಾಕದವರಿಗೂ ಆ ದನಿ ಹೆಚ್ಚು ತುರ್ತಿನದೆಂದು ಕೇಳಿಸಿತು. ನಿಮ್ಮಿಂದ ತನಗೆ ಬೇಕಾದುದನ್ನು ಪಡೆಯುವ ದಾರಿಯನ್ನು ಅದು ಕಂಡುಕೊಂಡಿದೆ. ಮಗು ಕಂಡುಕೊಳ್ಳುವುದೂ ಹೀಗೆಯೇ, ಅದನ್ನು ನಾವು ಅಧಿಕಾರವೆನ್ನುವುದಿಲ್ಲ. ನೀವು ಇಲ್ಲದಾಗ ಅದು ಸೇಡಿನ ಲೆಕ್ಕ ಹಾಕುತ್ತಿರುತ್ತದೆಂದು ನಂಬುವವರು, ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವನ್ನು ಗಮನಿಸಬೇಕು: ಸಾಕಿದವರು ಸ್ವಲ್ಪ ಹೊತ್ತು ಹೊರಗೆ ಹೋಗಿ ಮರಳಿದಾಗ, ನಡತೆಯನ್ನು ವರ್ಗೀಕರಿಸಲು ಸಾಧ್ಯವಾದ ಬೆಕ್ಕುಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅವರ ಬಳಿ ಸಮಾಧಾನ ಪಡೆದು ಮತ್ತೆ ಆಟಕ್ಕೆ ಮರಳಿದವು.

ಬುದ್ಧಿ ಕಲಿಸುವ ಎರಡು ವಿಧಾನಗಳನ್ನಂತೂ ಇಂದೇ ಬಿಡಬೇಕೆಂದು ಕೈಮುಗಿದು ಕೇಳುತ್ತೇನೆ. ಒಂದು, ಕುತ್ತಿಗೆಯ ಹಿಂದಿನ ಚರ್ಮ ಹಿಡಿದು ಎತ್ತುವುದು. ತಾಯಿಬೆಕ್ಕು ಹಾಗೆಯೇ ಎತ್ತುತ್ತದಲ್ಲ ಎನ್ನುತ್ತಾರೆ. ನಮ್ಮ ಶ್ರೀವೈಷ್ಣವ ಪರಂಪರೆಯ ಮಾರ್ಜಾಲ ಕಿಶೋರ ನ್ಯಾಯದಲ್ಲಿ, ಅಂದರೆ ಶರಣಾದ ಭಕ್ತನನ್ನು ದೇವರು ಬೆಕ್ಕು ಮರಿಯನ್ನು ಒಯ್ಯುವಂತೆ ತಾನೇ ಕಾಯುತ್ತಾನೆಂಬ ಹೋಲಿಕೆಯಲ್ಲಿ, ತಾಯಿ ಕಚ್ಚಿ ಒಯ್ಯುವುದು ಎಳೆಯ ಮರಿಯನ್ನು. ಅಲ್ಲಿರುವುದು ಪೂರ್ಣ ಭರವಸೆ. ನಾಲ್ಕು ಕಿಲೋ ತೂಗುವ ಬೆಳೆದ ಬೆಕ್ಕಿಗೆ ಹಾಗೆ ಮಾಡಿದರೆ ಅದು ಹೆದರಿ ಮರಗಟ್ಟುತ್ತದೆ, ನೋಡುವವರು ಶರಣಾಯಿತೆಂದು ತಿಳಿಯುತ್ತಾರೆ. ಇನ್ನೊಂದು, ಹಸಿವಾದರೆ ತಾನೇ ದಾರಿಗೆ ಬರುತ್ತದೆಂದು ಊಟ ನಿಲ್ಲಿಸುವುದು. ಕೆಲವು ದಿನ ಏನೂ ತಿನ್ನದ ಬೆಕ್ಕಿನ, ಅದರಲ್ಲೂ ದಪ್ಪಗಿರುವ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಕಾಮಾಲೆಯಾಗಿ ಸಾಯಬಹುದು.

ಮೇಷ್ಟ್ರ ಬೆಕ್ಕಿಗೆ ಅರಿವಳಿಕೆ ಕೊಟ್ಟು ನಳಿಕೆ ಹಾಕಿದೆವು. ಮೂರು ದಿನ ಡ್ರಿಪ್ ಏರಿಸಿದೆವು. ಅವರು ಮೂರೂ ದಿನ ಬಂದು ಪಂಜರದ ಮುಂದಿನ ಸ್ಟೂಲಿನ ಮೇಲೆ ಕುಳಿತಿರುತ್ತಿದ್ದರು. "ಕೂಡಿಹಾಕಿದೆನಲ್ಲ, ಅದು ನನ್ನನ್ನು ಕ್ಷಮಿಸುತ್ತದೆಯೇ?" ಎಂದು ಒಮ್ಮೆ ಕೇಳಿದರು. ಅದಕ್ಕೆ ನನ್ನ ಬಳಿ ವೈದ್ಯಕೀಯ ಉತ್ತರವಿರಲಿಲ್ಲ; ಪಂಜರದ ಬಾಗಿಲು ತೆರೆದು ಅವರ ಕೈಯನ್ನು ಒಳಗಿಡಲು ಹೇಳಿದೆ. ಬೆಕ್ಕು ತನ್ನ ಹಣೆಯನ್ನು ಆ ಕೈಗೆ ಉಜ್ಜಿತು. ಮನೆಗೆ ಕಳಿಸುವಾಗ ಇನ್ನೊಂದು ಟ್ರೇ ಇಡಲು, ನೀರಿನಂಶವಿರುವ ಆಹಾರ ಕೊಡಲು, ಮೂತ್ರ ಬಿದ್ದು ಮರಳಿನಲ್ಲಿ ಕಟ್ಟುವ ಉಂಡೆಯ ಗಾತ್ರವನ್ನು ಗಮನಿಸಲು ಹೇಳಿದ್ದೆ. ಮರುದಿನ ಬೆಳಿಗ್ಗೆ ಆರಕ್ಕೆ ಅವರ ಫೋನ್ ಬಂತು. "ಎರಡು ಉಂಡೆ ಡಾಕ್ಟ್ರೇ, ಒಂದೊಂದೂ ಲಾಡಿನಷ್ಟಿದೆ" ಎಂದರು.