ನಿಲ್ಲದ ಉಪಗ್ರಹ, ನಿಂತಂತೆ ಕಾಣುವ ಉಪಗ್ರಹ

ತಿರುನಳ್ಳಾರಿನ ಶನಿ ದೇವಸ್ಥಾನದ ಮೇಲೆ ಹಾಯುವಾಗ ಉಪಗ್ರಹಗಳು ಮೂರು ಸೆಕೆಂಡ್ ನಿಂತುಬಿಡುತ್ತವೆ, ಅದನ್ನು ಕಂಡು ನಾಸಾದವರೇ ಬೆಚ್ಚಿಬಿದ್ದರು ಎಂಬ ವಾಟ್ಸ್‌ಆ್ಯಪ್ ಸಂದೇಶ ಆಗಾಗ ಬಳ್ಳಾರಿಗೂ ಬಂದು ಹೋಗುತ್ತದೆ. ದೇವರ ಬಗ್ಗೆ ನನ್ನ ತಕರಾರಿಲ್ಲ, ಲೆಕ್ಕದ ಬಗ್ಗೆ ಇದೆ. 400 ಕಿ.ಮೀ. ಎತ್ತರದಲ್ಲಿರುವ ಉಪಗ್ರಹ ಸೆಕೆಂಡಿಗೆ ಸುಮಾರು 7.7 ಕಿ.ಮೀ. ಓಡುತ್ತಿರುತ್ತದೆ. ಬಳ್ಳಾರಿಯ ನೆತ್ತಿಯಿಂದ ಹೊಸಪೇಟೆಯ ನೆತ್ತಿಗೆ ಅದಕ್ಕೆ ಎಂಟು ಸೆಕೆಂಡಿನ ದಾರಿ. ಆ ಓಟವೇ ಅದನ್ನು ಬೀಳದಂತೆ ಉಳಿಸಿರುವುದು. ನಿಜವಾಗಿಯೂ ಮೂರು ಸೆಕೆಂಡ್ ನಿಂತರೆ, ಮತ್ತೆ ಆ ವೇಗಕ್ಕೆ ಏರಲು ಒಂದು ರಾಕೆಟ್ಟೇ ಬೇಕು. ಅದಿಲ್ಲದಿದ್ದರೆ ಕಲ್ಲು ಬಿದ್ದ ಹಾಗೆ ಬೀಳುತ್ತದೆ.

ಈ ಸಂದೇಶವನ್ನು ನೋಡಿ ನಗುವ ವಿದ್ಯಾವಂತರೂ ಇದೇ ತಪ್ಪನ್ನು ಬೇರೆ ವೇಷದಲ್ಲಿ ಮಾಡುತ್ತಾರೆ. ಪರವಾನಗಿ ಪಡೆದು ಖುಷಿಗಾಗಿ ರೇಡಿಯೊದಲ್ಲಿ ಮಾತನಾಡುವ ಹ್ಯಾಮ್ ರೇಡಿಯೊ ಹವ್ಯಾಸಿಗಳ ಉಪಗ್ರಹಗಳ ಮಾತು ಬಂದಾಗ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಹತ್ತು ನಿಮಿಷಕ್ಕೆ ಮರೆಯಾಗುವ ಉಪಗ್ರಹವನ್ನು ಇನ್ನಷ್ಟು ನಿಧಾನವಾಗಿ ಓಡಿಸಬಾರದೇಕೆ? ಓಡಿಸಲಾಗುವುದಿಲ್ಲ. ವೃತ್ತಾಕಾರದ ಕಕ್ಷೆಯಲ್ಲಿ ಎತ್ತರವನ್ನು ಆರಿಸಿದ ಕ್ಷಣವೇ ವೇಗವೂ ನಿಗದಿಯಾಗಿರುತ್ತದೆ. ಉಪಗ್ರಹ ಎರಡು ಕಿಲೋ ತೂಗಲಿ, ಎರಡು ಟನ್ ತೂಗಲಿ, ಅದರಲ್ಲಿ ವ್ಯತ್ಯಾಸವಿಲ್ಲ. 400 ಕಿ.ಮೀ.ಯಲ್ಲಿ ಒಂದು ಸುತ್ತಿಗೆ ಸುಮಾರು 92 ನಿಮಿಷ. 35,786 ಕಿ.ಮೀ.ಯಲ್ಲಿ 23 ಗಂಟೆ 56 ನಿಮಿಷ. ಎರಡನೆಯದರ ಸುತ್ತು ಭೂಮಿಯ ಸುತ್ತಿಗೆ ಸರಿಹೊಂದುವುದರಿಂದ, ಅದು ಸಮಭಾಜಕದ ಮೇಲಿದ್ದರೆ ನಮ್ಮ ಕಣ್ಣಿಗೆ ನಿಂತಂತೆ ಕಾಣುತ್ತದೆ. ಇದೇ ಭೂಸ್ಥಿರ ಕಕ್ಷೆ. ಆಗಲೂ ಸೆಕೆಂಡಿಗೆ ಮೂರು ಕಿ.ಮೀ.ಗಿಂತ ಹೆಚ್ಚಿನ ವೇಗದಲ್ಲಿ ಓಡುತ್ತಲೇ ಇರುತ್ತದೆ.

ಹವ್ಯಾಸಿಗಳು ಆರಂಭಿಸಿದ್ದು ಕೆಳಗಿನಿಂದ. ಸ್ಪುಟ್ನಿಕ್ ಹಾರಿ ಇನ್ನೂ ಐದು ವರ್ಷವೂ ತುಂಬಿರಲಿಲ್ಲ. 1961ರ ಡಿಸೆಂಬರ್ 12ರಂದು ಅಮೆರಿಕದ ಹ್ಯಾಮ್‌ಗಳು ತಾವೇ ಕೈಯಾರೆ ಕಟ್ಟಿದ, ಐದು ಕಿಲೋ ಕೂಡ ತೂಗದ ಆಸ್ಕರ್-1 ಅನ್ನು ಬೇರೊಂದು ಉಪಗ್ರಹದ ರಾಕೆಟ್ಟಿಗೆ ಜೋಡಿಸಿ ಕಳುಹಿಸಿದರು. ಅದು ಮೋರ್ಸ್ ಸಂಕೇತದಲ್ಲಿ ‘ಹಾಯ್’ ಎನ್ನುತ್ತಿತ್ತು, ಅಷ್ಟೇ. ಆದರೆ ‘ಹಾಯ್’ ಎನ್ನುವ ವೇಗ ಒಳಗಿನ ಉಷ್ಣಾಂಶಕ್ಕೆ ತಕ್ಕಂತೆ ಬದಲಾಗುತ್ತಿತ್ತು. ಗಡಿಯಾರ ಹಿಡಿದು ಎಣಿಸಿದವರಿಗೆ ಬಾಹ್ಯಾಕಾಶದ ಉಷ್ಣಾಂಶಮಾಪಕವೇ ಸಿಕ್ಕಂತಾಯಿತು. ಇಂತಹ ಜಿಪುಣ ಜಾಣತನ ನನಗೆ ಬಹಳ ಇಷ್ಟ. ಅದು ದುಡಿದದ್ದು ಸುಮಾರು ಮೂರು ವಾರ. ಭಾರತದ ಸರದಿ ಬಂದದ್ದು 2005ರ ಮೇ 5ರಂದು. ಶ್ರೀಹರಿಕೋಟದಿಂದ ಕಾರ್ಟೊಸ್ಯಾಟ್-1ರ ಜೊತೆಗೆ 42.5 ಕಿಲೋದ ಹ್ಯಾಮ್‌ಸ್ಯಾಟ್ ಏರಿತು, 600 ಕಿ.ಮೀ.ಗಿಂತ ಸ್ವಲ್ಪ ಮೇಲೆ. 2014ರವರೆಗೆ ದುಡಿಯಿತು.

ಎರಡರಲ್ಲೂ ಒಂದು ಸಂಗತಿ ಗಮನಿಸಿ: ಬೇರೆಯವರ ರಾಕೆಟ್ಟಿನಲ್ಲಿ ಉಳಿದ ಜಾಗ. ಹವ್ಯಾಸಿಗಳಿಗೆ ಕಕ್ಷೆಯ ಆಯ್ಕೆ ಎನ್ನುವುದು ಬಹುಮಟ್ಟಿಗೆ ಹೆಸರಿಗೆ ಮಾತ್ರ. ರಾಕೆಟ್ ಎಲ್ಲಿಗೆ ಹೊರಟಿದೆಯೋ ಅಲ್ಲಿಗೇ ಇವರ ಪ್ರಯಾಣ.

ಕೆಳಗಿನ ಕಕ್ಷೆಯ ಲಾಭ ಸರಳ. ದೂರ ಹೆಚ್ಚಿದಂತೆ ಸಂಕೇತದ ಶಕ್ತಿ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ನೆತ್ತಿಯ ಮೇಲೆ 400 ಕಿ.ಮೀ. ದೂರದಲ್ಲಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಲಿಸಿದರೆ, ನಮಗೆ ಓರೆಯಾಗಿ ಕಾಣುವ ಭೂಸ್ಥಿರ ಉಪಗ್ರಹದಿಂದ, 38,000 ಕಿ.ಮೀ.ಗೂ ಆಚೆಯಿಂದ, ಅಷ್ಟೇ ಶಕ್ತಿಯಲ್ಲಿ ಹೊರಟ ಸಂಕೇತ ಒಂಬತ್ತು ಸಾವಿರ ಪಟ್ಟು ಕ್ಷೀಣ. ಆದ್ದರಿಂದಲೇ ನಿಲ್ದಾಣದ ರಿಪೀಟರ್ ಅನ್ನು (ಬಂದ ಮಾತನ್ನು ಮರುಪ್ರಸಾರ ಮಾಡುವ ಯಂತ್ರ) 437.800 ಮೆಗಾಹರ್ಟ್ಸ್‌ನಲ್ಲಿ ಕೈಯಲ್ಲಿ ಹಿಡಿಯುವ ಅಡ್ಡಕಡ್ಡಿಗಳ ಪುಟ್ಟ ‘ಯಾಗಿ’ ಆಂಟೆನಾದಿಂದಲೇ ಕೇಳಬಹುದು. ಆದರೆ ಕೈ ಸುಮ್ಮನಿರುವಂತಿಲ್ಲ. ಅದು ಹತ್ತಿರ ಬರುವಾಗ ಓಟದಿಂದಾಗಿ ಆವರ್ತನ ಬದಲಾದಂತೆ ತೋರುವ ಡಾಪ್ಲರ್ ಪರಿಣಾಮದಿಂದ 437.810ರ ಆಸುಪಾಸಿನಲ್ಲಿ ಕೇಳಿಸುತ್ತದೆ, ದೂರ ಸರಿಯುವಾಗ 437.790ಕ್ಕೆ ಇಳಿದಿರುತ್ತದೆ. ಒಂದು ಕೈ ಆಂಟೆನಾ ತಿರುಗಿಸುತ್ತಿರಬೇಕು, ಇನ್ನೊಂದು ಕೈ ಟ್ಯೂನಿಂಗ್ ಗುಂಡಿಯ ಮೇಲಿರಬೇಕು. ಎಲ್ಲ ಸೇರಿ ಹೆಚ್ಚೆಂದರೆ ಹತ್ತು ನಿಮಿಷ. ಬಳ್ಳಾರಿಯಲ್ಲಾದರೆ, ನಿಮ್ಮ ಮನೆ ಕೋಟೆ ಗುಡ್ಡದ ಬುಡದಲ್ಲಿದ್ದರೆ, ಅದರಲ್ಲೂ ಎರಡು ನಿಮಿಷವನ್ನು ಬಂಡೆ ನುಂಗುತ್ತದೆ.

ಹತ್ತು ನಿಮಿಷಕ್ಕಿಂತ ಹೆಚ್ಚು ಬೇಕು, ಆದರೆ ಭೂಸ್ಥಿರ ಕಕ್ಷೆಯ ರಾಕೆಟ್ಟಿನಲ್ಲಿ ಜಾಗವಿಲ್ಲ ಎಂದಾಗ ಹವ್ಯಾಸಿಗಳು ಹಿಡಿದ ದಾರಿ ಉದ್ದನೆಯ ದೀರ್ಘವೃತ್ತ. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಕಡೆಯವರಿಗೆ ಪುಸ್ತಕ ಬೇಡ. ನಾಗರ ಪಂಚಮಿಯ ಜೋಕಾಲಿ ಸಾಕು. ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ ಕೆಳಗೆ ಬರುವಾಗ ಗಾಳಿ ಸೀಳಿಕೊಂಡು ಬರುತ್ತದೆ, ತುದಿ ಮುಟ್ಟಿದಾಗ ಒಂದು ಗಳಿಗೆ ತೂಗಿ ನಿಧಾನವಾಗುತ್ತದೆ. ತುದಿಯಲ್ಲಿರುವಾಗಲೇ ಪಕ್ಕದ ಜೋಕಾಲಿಯವಳೊಡನೆ ಎರಡು ಮಾತು ಆಡಲು ಸಾಧ್ಯ. 1988ರ ಜೂನ್ 15ರಂದು ಏರಿದ ಆಸ್ಕರ್-13 ಹೀಗೆಯೇ ತೂಗುತ್ತಿತ್ತು. ಭೂಮಿಗೆ ಹತ್ತಿರದ ತುದಿಯಲ್ಲಿ ಸುಮಾರು 2,500 ಕಿ.ಮೀ. ಎತ್ತರ, ಸೆಕೆಂಡಿಗೆ ಎಂಟೂವರೆ ಕಿ.ಮೀ. ವೇಗ, ದೂರದ ತುದಿಯಲ್ಲಿ ಸುಮಾರು 36,000 ಕಿ.ಮೀ., ವೇಗ ಎರಡು ಕಿ.ಮೀ.ಗೂ ಕಡಿಮೆ. ಹನ್ನೊಂದು ಗಂಟೆಗೂ ಸ್ವಲ್ಪ ಹೆಚ್ಚಿನ ಸುತ್ತಿನಲ್ಲಿ ಬಹುಪಾಲು ಸಮಯ ಆ ದೂರದ ತುದಿಯ ಕಡೆಯೇ ಕಳೆಯುತ್ತಿತ್ತು. ಅಲ್ಲಿಂದ ಅರ್ಧ ಭೂಮಿಯೇ ಕಾಣುತ್ತದೆ. ಗಂಟೆಗಟ್ಟಲೆ ಖಂಡಾಂತರ ಮಾತುಕತೆ!

ಎತ್ತರದಲ್ಲಿದ್ದರೆ ಬೀಳುವ ಭಯವಿಲ್ಲ ಎಂಬ ನಂಬಿಕೆಯನ್ನು ಮುರಿದದ್ದೂ ಇದೇ ಉಪಗ್ರಹ. ಚಂದ್ರ ಮತ್ತು ಸೂರ್ಯ ಪ್ರತಿ ಸುತ್ತಿನಲ್ಲೂ ಅದನ್ನು ಅತ್ತಿತ್ತ ಎಳೆಯುತ್ತಿದ್ದವು. ಒಂದೊಂದು ಎಳೆತ ನಗಣ್ಯ, ಆದರೆ ವರ್ಷಗಳು ಕೂಡಿದಾಗ ಕಕ್ಷೆ ಮತ್ತಷ್ಟು ಉದ್ದವಾಗಿ, ಹತ್ತಿರದ ತುದಿ ವಾತಾವರಣದೊಳಕ್ಕೆ ಇಳಿಯಿತು. ಹವ್ಯಾಸಿಗಳು ಇದನ್ನು ವರ್ಷಗಳ ಮೊದಲೇ ಲೆಕ್ಕ ಹಾಕಿದ್ದರು. 1996ರ ಡಿಸೆಂಬರಿನಲ್ಲಿ ಆಸ್ಕರ್-13 ಉರಿದುಹೋಯಿತು. ಜಾತಕದಲ್ಲಿ ಚಂದ್ರ ಏನು ಮಾಡುತ್ತಾನೆಂದು ಕೇಳುವವರಿಗೆ ನಾನು ಈ ಕಥೆ ಹೇಳುತ್ತೇನೆ: ಚಂದ್ರ ಒಂದು ಉಪಗ್ರಹವನ್ನು ನಿಜವಾಗಿಯೂ ಕೆಡವಿದ್ದಾನೆ, ಅದೂ ಲೆಕ್ಕಕ್ಕೆ ತಪ್ಪದೆ. ಇದಕ್ಕೆ ತದ್ವಿರುದ್ಧವಾಗಿ, 1974ರಲ್ಲಿ ಸುಮಾರು 1,450 ಕಿ.ಮೀ. ಎತ್ತರದ ವೃತ್ತಕ್ಕೆ ಸೇರಿದ ಆಸ್ಕರ್-7, ಬ್ಯಾಟರಿ ಶಾರ್ಟ್ ಆಗಿ 1981ರಲ್ಲಿ ಮೂಕವಾಯಿತು. 2002ರಲ್ಲಿ ಅದಕ್ಕೆ ಮತ್ತೆ ದನಿ ಬಂತು. ಬ್ಯಾಟರಿಯ ಶಾರ್ಟ್ ತಾನಾಗಿಯೇ ಬಿಟ್ಟುಕೊಂಡದ್ದರಿಂದ ಬಿಸಿಲು ಬಿದ್ದಾಗಲೆಲ್ಲ ಸೌರಫಲಕದ ಬಲದಿಂದ ಮಾತನಾಡತೊಡಗಿತು. ಅದರ ಕಕ್ಷೆ ಅಲುಗಾಡಿಲ್ಲ.

ಹಾಗಾದರೆ ಬಳ್ಳಾರಿ, ರಾಯಚೂರು, ಕೊಪ್ಪಳದ ಕಾಲೇಜೊಂದು ಉಪಗ್ರಹ ಕಟ್ಟುವುದಾದರೆ? ಕೆಳಗಿನ ಕಕ್ಷೆಯೇ ಸರಿ, 400ರಿಂದ 500 ಕಿ.ಮೀ. ಅಲ್ಲಿ ಉಳಿದಿರುವ ತೆಳು ಗಾಳಿಯೇ ಕೆಲವು ವರ್ಷಗಳಲ್ಲಿ ಅದನ್ನು ಕೆಳಗೆಳೆದು ಸುಡುತ್ತದೆ. ಆಕಾಶದಲ್ಲಿ ಕಸ ಬಿಟ್ಟ ಪಾಪ ಬರುವುದಿಲ್ಲ. ಆಸ್ಕರ್-7ರ ಎತ್ತರದಲ್ಲಿ ಕೆಟ್ಟುಹೋದ ಪೆಟ್ಟಿಗೆ ಶತಮಾನಗಳ ಕಾಲ ಸುತ್ತುತ್ತದೆ.

ಮಾತನಾಡುವ ಪ್ರಶ್ನೆ ಬೇರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಕೆಳಗಿನ ನದಿದಂಡೆ ನಿದ್ದೆಗೆಟ್ಟಿತ್ತು. ಅಂತಹ ರಾತ್ರಿ ಮೊಬೈಲ್ ಗೋಪುರಗಳೂ ಕೈಕೊಟ್ಟರೆ, ಮುಂದಿನ ಉಪಗ್ರಹ ಎಷ್ಟು ಹೊತ್ತಿಗೆ ಬರುತ್ತದೆಂದು ವೇಳಾಪಟ್ಟಿ ನೋಡುತ್ತ ಕೂರುವುದು ಯಾರಿಗೂ ಬೇಡ. ಸದಾ ಒಂದೇ ಕಡೆ ಕಾಣುವ ಉಪಗ್ರಹ ಬೇಕು. ಅದು ಇದೆ. 2018ರ ನವೆಂಬರಿನಲ್ಲಿ ಹಾರಿದ ಕತಾರಿನ ಎಸ್‌ಹೈಲ್-2 ಟಿವಿ ಉಪಗ್ರಹದಲ್ಲಿ ಹವ್ಯಾಸಿಗಳಿಗೂ ಜಾಗ ಸಿಕ್ಕಿತು. ಆ ಭಾಗಕ್ಕೆ ಕ್ಯೂಒ-100 ಎಂದು ಹೆಸರು. ಬ್ರೆಜಿಲ್‌ನಿಂದ ಥಾಯ್ಲೆಂಡ್‌ವರೆಗೆ ಅದರ ಸಂಕೇತ ಸಿಗುತ್ತದೆ. ಬಳ್ಳಾರಿಯಿಂದ ನೋಡಿದರೆ ನೇರ ಪಶ್ಚಿಮಕ್ಕಿಂತ ತುಸು ದಕ್ಷಿಣಕ್ಕೆ, ದಿಗಂತದಿಂದ ಸುಮಾರು 30 ಡಿಗ್ರಿ ಮೇಲೆ. ರಾಯಚೂರು, ಕೊಪ್ಪಳದಲ್ಲಿ ಒಂದೆರಡು ಡಿಗ್ರಿ ವ್ಯತ್ಯಾಸ ಅಷ್ಟೇ.

ಕೇಳಲು ಬೇಕಾದದ್ದು ಹಳೆಯ ಟಿವಿ ಡಿಶ್. ಡಿಡಿ ಫ್ರೀ ಡಿಶ್‌ಗಾಗಿ ಆಗ್ನೇಯಕ್ಕೆ ಮುಖ ಮಾಡಿದ್ದನ್ನು ಪಶ್ಚಿಮಕ್ಕೆ ತಿರುಗಿಸಿ, ಬಾಗಿಸಬೇಕು. ಬಾಗಿಸಿದ ಮೇಲೆ ಡಿಶ್ ಎದುರುಮನೆಯ ಗೋಡೆ ನೋಡುತ್ತಿರುವಂತೆ ಕಾಣುತ್ತದೆ. ಗಾಬರಿ ಬೇಡ, ಇಂತಹ ಡಿಶ್‌ನ ನೋಟ ಅದರ ಮುಖಕ್ಕಿಂತ ಇಪ್ಪತ್ತು ಡಿಗ್ರಿಗೂ ಹೆಚ್ಚು ಮೇಲಿರುತ್ತದೆ. ಎಲ್‌ಎನ್‌ಬಿ (ಡಿಶ್ ಮುಂದೆ ಕೂರುವ, ಆವರ್ತನ ಇಳಿಸಿಕೊಡುವ ಪೆಟ್ಟಿಗೆ) ಯೂನಿವರ್ಸಲ್ ಆಗಿರಬೇಕು, ಅಂದರೆ 9,750 ಮೆಗಾಹರ್ಟ್ಸ್ ಆಂದೋಲಕ ಇರುವಂಥದ್ದು. ಉಪಗ್ರಹದ 10,489.75 ಮೆಗಾಹರ್ಟ್ಸ್‌ನಿಂದ ಅದನ್ನು ಕಳೆದರೆ 739.75 ಉಳಿಯುತ್ತದೆ. ಅಗ್ಗದ ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರೇಡಿಯೊ) ಇದನ್ನು ಆರಾಮವಾಗಿ ಹಿಡಿಯುತ್ತದೆ. ಮಾತನಾಡಬೇಕಾದರೆ ಮಾತ್ರ ಪರೀಕ್ಷೆ ಪಾಸಾಗಿ ಪರವಾನಗಿ ಪಡೆದಿರಬೇಕು. ನಿಮ್ಮ ಮಾತು ಮೇಲೇರಿ ಮರಳಲು ಕಾಲು ಸೆಕೆಂಡ್ ಹಿಡಿಯುತ್ತದೆ, ಹೆಡ್‌ಫೋನಿನಲ್ಲಿ ನಿಮ್ಮ ದನಿ ನಿಮ್ಮನ್ನೇ ಅಣಕಿಸುತ್ತದೆ.

ಇಲ್ಲಿ ಡಾಪ್ಲರ್ ಕಾಟವಿಲ್ಲ, ಬಳ್ಳಾರಿಯ ಬಿಸಿಲಿನ ಕಾಟವಿದೆ. ಸಾಮಾನ್ಯವಾಗಿ ಎಲ್‌ಎನ್‌ಬಿಯೊಳಗಿನ 25 ಮೆಗಾಹರ್ಟ್ಸ್ ಹರಳಿನ ಮಿಡಿತವನ್ನು 390ರಿಂದ ಗುಣಿಸಿ 9,750 ಮಾಡಿರುತ್ತಾರೆ. ಮೇ ತಿಂಗಳ ಮಧ್ಯಾಹ್ನ ಹರಳು ಬಿಸಿಯೇರಿ ಹತ್ತು ಹರ್ಟ್ಸ್ ಜಾರಿದರೆ ನೀವು ಕೇಳುತ್ತಿರುವ ದನಿ ಸುಮಾರು ನಾಲ್ಕು ಕಿಲೋಹರ್ಟ್ಸ್ ಜಾರಿ, ಪಕ್ಕದವರ ಮಾತಿನ ಮೇಲೆ ಕುಳಿತಿರುತ್ತದೆ. ಪರಿಹಾರ ಉಪಗ್ರಹದಲ್ಲೇ ಇದೆ: ಹವ್ಯಾಸಿಗಳ ಆವರ್ತನ ಪಟ್ಟಿಯ ನಟ್ಟನಡುವೆ, 10,489.75ರಲ್ಲಿ, ಬೀಕನ್ ಎಂಬ ಗುರುತಿನ ಸಂಕೇತ ಸದಾ ಉಲಿಯುತ್ತಿರುತ್ತದೆ. ತಂತ್ರಾಂಶವನ್ನು ಅದಕ್ಕೆ ಗಂಟು ಹಾಕಿದರೆ ಹರಳು ಎಷ್ಟು ಜಾರಿತೆಂಬುದನ್ನು ಅದೇ ಅಳೆದು ತಿದ್ದಿಕೊಳ್ಳುತ್ತದೆ.