ಸಿಂಕಿನ ಕೆಳಗೆ ಒಮ್ಮೆ ಬಗ್ಗಿ ನೋಡಿ

ಹೋದ ಮಳೆಗಾಲದಲ್ಲಿ ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಮನೆಗೆ ಹೋಗಿದ್ದೆ. ಒಕ್ಕಲಾಗಿ ಎಂಟೇ ತಿಂಗಳು. ಬಿಳಿ ಅಡುಗೆಮನೆ, ಹಿಡಿಕೆಯಿಲ್ಲದ ಬಾಗಿಲುಗಳು, ನೋಡಲಿಕ್ಕೆ ನಿಜಕ್ಕೂ ಚಂದ. ಸಿಂಕಿನ ಕೆಳಗಿನ ಬಾಗಿಲು ಮಾತ್ರ ಮುಚ್ಚುತ್ತಿರಲಿಲ್ಲ. ಬಗ್ಗಿ ಕೈ ಹಾಕಿದೆ. ತಳದ ಹಲಗೆ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬಿತ್ತು. ಬೆರಳಲ್ಲಿ ಒತ್ತಿದರೆ ಹುಡಿ ಉದುರಿತು. ಪೈಪಿನ ಜಾಯಿಂಟಿನಿಂದ ಹನಿ ಹನಿ ನೀರು, ಅಷ್ಟೇ.

"ಫೋಟೋದಲ್ಲಿ ಇದ್ದ ಹಾಗೆಯೇ ಮಾಡಿದ್ದಾರೆ ಸರ್" ಅಂದರು ಮನೆಯವರು. ಸಾಲ ಮಾಡಿ ಮಾಡಿಸಿದ ಅಡುಗೆಮನೆ ಅದು. ನನಗೆ ತುಂಬ ಬೇಜಾರಾಯಿತು.

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ. ಜೋರು ಮಳೆಯ ಆಟಿ ತಿಂಗಳಲ್ಲಿ ಒಳಗೆ ಹರವಿದ ಬಟ್ಟೆಯೂ ಒಣಗುವುದಿಲ್ಲ. ಆ ಮನೆಯಲ್ಲಿ ಹಾಕಿದ್ದು ಎಂಡಿಎಫ್, ಅಂದರೆ ಮರದ ನಾರನ್ನು ಅಂಟಿನ ಜೊತೆ ಒತ್ತಿ ಮಾಡಿದ ಹಲಗೆ. ಸಾದಾ ಎಂಡಿಎಫ್‌ಗೆ ಒಮ್ಮೆ ನೀರು ಹೊಕ್ಕರೆ ಅದು ಮೊದಲಿನ ಹಾಗೆ ಆಗುವುದೇ ಇಲ್ಲ. ಹಾಗಾಗಿ ಕೆಳಗಿನ ಸಾಲಿನ ಕಪಾಟುಗಳಿಗೆ ಐಎಸ್ 710 ಗುರುತಿನ, ನೀರು ತಡೆಯುವ ಮೆರೈನ್ ಪ್ಲೈವುಡ್ ಹಾಕಿಸಿ. ಮಲ್ಟಿವುಡ್ (ಪಿವಿಸಿ ಪ್ಲಾಸ್ಟಿಕ್ಕಿನ ಹಲಗೆ), ಅಲ್ಯೂಮಿನಿಯಂ, 304 ಗ್ರೇಡಿನ ಸ್ಟೀಲ್ ಕೂಡ ಆದೀತು. ಪ್ಲೈವುಡ್ ಆದರೆ ಪೈಪಿಗಾಗಿ ಕೊರೆದ ತೂತಿನ ಅಂಚನ್ನೂ ಸೀಲ್ ಮಾಡಿಸಬೇಕು. ಎಲ್ಲರೂ ಮರೆಯುವುದು ಅದನ್ನೇ. ಕಪಾಟು ನೆಲಕ್ಕೆ ಕೂರಬಾರದು, ಕಾಲಿನ ಮೇಲೆ ನಿಲ್ಲಬೇಕು. ದುಡ್ಡು ಉಳಿಸಲೇಬೇಕಾದರೆ ಮೇಲಿನ ಸಾಲಿನಲ್ಲಿ ಉಳಿಸಿ.

ಈಗ ಎಲ್ಲರಿಗೂ ಓಪನ್ ಕಿಚನ್ ಬೇಕು. ಬೇಡ ಅನ್ನಲಾರೆ. ಅಡುಗೆ ಮಾಡುವವರು ಗೋಡೆಯ ಹಿಂದೆ ಒಬ್ಬರೇ ಬೇಯುವುದು ತಪ್ಪುತ್ತದೆ, ಅದು ಒಳ್ಳೆಯದೇ. ಆದರೆ ಕುಚ್ಚಲಕ್ಕಿ ಬೇಯಿಸುವುದು, ಹಲಸಿನಕಾಯಿ ಕೊಯ್ಯುವುದು, ತೆಂಗಿನೆಣ್ಣೆಯಲ್ಲಿ ಕರಿಯುವುದು ಎಲ್ಲ ಚಾವಡಿಯ ಸೋಫಾದ ಎದುರು ನಡೆಯುತ್ತದಾ? ಅದಕ್ಕೇ ನಮ್ಮಲ್ಲಿ ಹಿಂದುಗಡೆ ವರ್ಕ್ ಏರಿಯಾ ಅಂತ ಇನ್ನೊಂದು ಅಡುಗೆಮನೆ ಬರುತ್ತದೆ. ಪ್ಲಾನು ನೋಡಿದಾಗೆಲ್ಲ ನನಗೆ ಒಂದೇ ಸಂಕಟ. ಮುಂದಿನ ಅಡುಗೆಮನೆಗೆ ಲಕ್ಷಗಟ್ಟಲೆ, ದಿನವಿಡೀ ಕೆಲಸ ನಡೆಯುವ ಹಿಂದಿನದಕ್ಕೆ ಒಂದು ಶೀಟು, ಒಂದು ಬಲ್ಬು. ಗಾಳಿ, ಬೆಳಕು, ಒಳ್ಳೆಯ ಸಿಂಕು ಮೊದಲು ಅಲ್ಲಿಗೆ ಕೊಡಿ. ಕೌಂಟರಿಗೂ ಅಲ್ಲಿ ಗ್ರಾನೈಟೇ ಸಾಕು. ಕಾರ್ಖಾನೆಯಲ್ಲಿ ಮಾಡಿದ ಕ್ವಾರ್ಟ್ಜ್ ಕಲ್ಲಿನಲ್ಲಿ ರಾಳ ಸೇರಿರುತ್ತದೆ, ಒಲೆಯಿಂದ ಇಳಿಸಿದ ಪಾತ್ರೆಯನ್ನು ನೇರ ಇಟ್ಟರೆ ಕಲೆ ಬೀಳಬಹುದು.

ಕೌಂಟರಿನ ಎತ್ತರ ಸಾಮಾನ್ಯವಾಗಿ 85 ಸೆಂಟಿಮೀಟರ್ ಇಡುತ್ತಾರೆ. ನಾನು ಟೇಪು ಹಿಡಿದು ಅಡುಗೆ ಮಾಡುವವರನ್ನೇ ಕರೆಯುತ್ತೇನೆ. ನೀರ್ಚಾಲಿನ ಒಂದು ಮನೆಯಲ್ಲಿ ಅಜ್ಜಿ ಬಂದು ನಿಂತರು. "ಅಮ್ಮ, ಮೊಣಕೈ ಮಡಚಿ" ಅಂದೆ. ನೆಲದಿಂದ ಮೊಣಕೈಗೆ 92 ಬಂತು. ಅದಕ್ಕಿಂತ 10ರಿಂದ 15 ಸೆಂಟಿಮೀಟರ್ ಕೆಳಗೆ ಕೌಂಟರ್ ಇದ್ದರೆ ಹೆಗಲು ಎತ್ತದೆ ತರಕಾರಿ ಹೆಚ್ಚಬಹುದು. 80ಕ್ಕೆ ಇಟ್ಟೆವು. "ಇಷ್ಟು ವರ್ಷ ನನ್ನ ಅಳತೆ ಯಾರೂ ಕೇಳ್ಲಿಲ್ಲ" ಅಂದರು ಅವರು.

ಬಚ್ಚಲಿನ ವಿಷಯಕ್ಕೆ ಬರೋಣ. ನಮ್ಮ ಹಳೆಯ ಬಚ್ಚಲು ಮನೆಯಿಂದ ಹೊರಗೆ. ಅಡಕೆ ಹಾಳೆ ಉರಿಸಿ ಹಂಡೆಯಲ್ಲಿ ನೀರು ಕಾಯಿಸುವುದು, ಮಿಂದ ನೀರು ಬಾಳೆಬುಡಕ್ಕೆ. ಒದ್ದೆ ಒಂದು ಕಡೆ, ಒಣ ಇನ್ನೊಂದು ಕಡೆ ಇತ್ತು. ಈಗ ಗಾಜಿನ ತಡೆ ಹಾಕಿ ಸ್ನಾನದ ಜಾಗ ಬೇರೆ ಮಾಡುವ ಪದ್ಧತಿ ಬಂದಿದೆ. ಹೊಸದರಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ. ವಯಸ್ಸಾದವರು ರಾತ್ರಿ ಎದ್ದು ಹೋದಾಗ ಕಮೋಡಿನ ಎದುರಿನ ನೆಲ ಒಣಗಿರುತ್ತದೆ. ಗೋಡೆಗೆ ಒಂದು ಹಿಡಿಕೆಯನ್ನೂ ಈಗಲೇ ಹಾಕಿಸಿ, ಯಾರಾದರೂ ಬೀಳುವ ತನಕ ಕಾಯಬೇಡಿ.

ಗೋಡೆಗೆ ತೂಗುವ ಕಮೋಡ್ ಆದರೆ ಅದರ ಕೆಳಗೆ ಗುಡಿಸಲು, ಒರಸಲು ಸುಲಭ. ಅದರ ಕಬ್ಬಿಣದ ಫ್ರೇಮು ನೆಲಕ್ಕೂ ಗಟ್ಟಿಯಾಗಿ ಬಿಗಿಯಬೇಕು, ಕೆಂಪುಕಲ್ಲಿನ ಗೋಡೆಯನ್ನಷ್ಟೇ ನಂಬಿದರೆ ಆಗಲಿಕ್ಕಿಲ್ಲ. ದೊಡ್ಡ ರೈನ್ ಶವರ್ ಬೇಕು ಅನ್ನುವವರು ಟ್ಯಾಂಕಿ ಎಷ್ಟು ಮೇಲಿದೆ ನೋಡಿಕೊಳ್ಳಿ. 10 ಮೀಟರ್ ಎತ್ತರಕ್ಕೆ 1 ಬಾರ್ ಒತ್ತಡ ಸಿಗುತ್ತದೆ. ಒಂದೇ ಮಾಳಿಗೆಯ ಮನೆಯಲ್ಲಿ ಶವರಿಗಿಂತ ಟ್ಯಾಂಕಿ ಹೆಚ್ಚೆಂದರೆ 2 ಮೀಟರ್ ಮೇಲಿರುತ್ತದೆ, ಪಂಪು ಇಲ್ಲದೆ ನೀರು ಸುಮ್ನೆ ತೊಟ್ಟಿಕ್ಕುತ್ತದೆ.

ಎರಡಡಿ–ನಾಲ್ಕಡಿ ಟೈಲ್ಸ್ ಈಗ ಎಲ್ಲ ಕಡೆ. ಬಚ್ಚಲಿನ ಮಧ್ಯದಲ್ಲಿ ನೀರು ಹೋಗುವ ಒಂದು ಜಾಲರಿ ಇಟ್ಟರೆ ನಾಲ್ಕೂ ಕಡೆಯಿಂದ ಇಳಿಜಾರು ಬೇಕು, ಅಷ್ಟು ದೊಡ್ಡ ಟೈಲ್ಸನ್ನು ತುಂಡು ಮಾಡದೆ ಅದು ಬರುವುದಿಲ್ಲ. ಗೋಡೆಯ ಉದ್ದಕ್ಕೆ ನೀಳ ಜಾಲರಿ ಇಟ್ಟು ಒಂದೇ ಕಡೆಗೆ, ಮೀಟರಿಗೆ ಕನಿಷ್ಠ 1 ಸೆಂಟಿಮೀಟರ್ ಇಳಿಜಾರು ಕೊಡಿ. ನೆಲಕ್ಕೆ ಹೊಳಪಿನದ್ದು ಬೇಡ, ಹೊಳಪಿಲ್ಲದ ಮ್ಯಾಟ್ ಟೈಲ್ಸ್ ತನ್ನಿ.

ಟೈಲ್ಸ್ ಕೂರಿಸುವ ಮೊದಲು ಮೇಸ್ತ್ರಿಯವರ ಹತ್ತಿರ ಒಂದು ಕೆಲಸ ಮಾಡಿಸಿ. ವಾಟರ್‌ಪ್ರೂಫಿಂಗ್, ಅಂದರೆ ನೀರು ಸೋರದ ಹಾಗೆ ಹಚ್ಚುವ ಲೇಪ, ಪೂರ್ತಿ ಒಣಗಿದ ಮೇಲೆ ಪೈಪಿನ ಬಾಯಿ ಮುಚ್ಚಿ, ನೆಲದಲ್ಲಿ ಒಂದೆರಡು ಇಂಚು ನೀರು ನಿಲ್ಲಿಸಿ. ನೀರಿನ ಮಟ್ಟಕ್ಕೆ ಗೋಡೆಯಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. ಎರಡು ದಿನ ಬಿಟ್ಟು ನೀರು ಗೆರೆಗಿಂತ ಇಳಿದಿದೆಯಾ ನೋಡಿ, ಹೊರಗೆ ಬಂದು ಗೋಡೆಯ ಹಿಂಬದಿ ಮುಟ್ಟಿ ನೋಡಿ.